ಗೊತ್ತಿಲ್ಲದ ಹೆಸರಿನಲ್ಲಿ ಸಾಫ್ಟ್‌ವೇರ್ ಚಂದಾ ಕಡಿತ: ಹಣ ಹೋದ ದಾರಿ ಪತ್ತೆ ಹಚ್ಚುವ ಬಗೆ

ಹಾಸನದಲ್ಲಿರುವ ನನ್ನ ದೊಡ್ಡಪ್ಪ ನಿವೃತ್ತ ಶಿಕ್ಷಕರು. ಅವರ ಪಿಂಚಣಿ ಖಾತೆಯಿಂದ ಪ್ರತಿ ತಿಂಗಳು 21ನೇ ತಾರೀಕಿಗೆ 499 ರೂಪಾಯಿ ಹೋಗುತ್ತಿರುವುದು ಗೊತ್ತಾದದ್ದು ಜೂನ್ ಕೊನೆಯಲ್ಲಿ, ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿದಾಗ. ಅಷ್ಟರಲ್ಲಿ ಮೂರು ಕಂತು ಹೋಗಿತ್ತು. ಎದುರಿಗೆ ಅಚ್ಚಾಗಿದ್ದ ಹೆಸರನ್ನು ಅವರು ಜನ್ಮದಲ್ಲಿ ಕೇಳಿರಲಿಲ್ಲ. ಶಾಖೆಯಲ್ಲಿ ವಿಚಾರಿಸಿದರೆ, "ಇದೆಲ್ಲ ಆನ್‌ಲೈನ್ ವ್ಯವಹಾರ ಸಾರ್, ಎಟಿಎಂ ಕಾರ್ಡ್ ಬ್ಲಾಕ್ ಮಾಡಿಸಿಬಿಡಿ" ಎಂದರು. ಮಾಡಿಸಿದರು. ಹೊಸ ಕಾರ್ಡಿಗೆ ಶುಲ್ಕ ಕಟ್ಟಿ ಹತ್ತು ದಿನ ಕಾದರು. ಜುಲೈ 21ಕ್ಕೆ ಮತ್ತೆ 499 ಹೋಯಿತು.

ಹೋಗದೆ ಇರಲು ಸಾಧ್ಯವೇ ಇರಲಿಲ್ಲ. ಆ ಹಣ ಕಾರ್ಡಿನ ದಾರಿಯಲ್ಲಿ ಹೋಗುತ್ತಲೇ ಇರಲಿಲ್ಲ. ಯುಪಿಐ ಆಟೋಪೇ ಮೂಲಕ, ಅಂದರೆ ಒಮ್ಮೆ ಪಿನ್ ಒತ್ತಿ ಒಪ್ಪಿಗೆ ಕೊಟ್ಟರೆ ಪ್ರತಿ ಕಂತೂ ತಾನಾಗಿಯೇ ಕಡಿತವಾಗುವ ಏರ್ಪಾಡಿನ ಮೂಲಕ ಹೋಗುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು.

ನಾನು ಮೈಸೂರಿನ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಅಂಗಡಿ, ಕ್ಲಿನಿಕ್, ಮುದ್ರಣಾಲಯಗಳ ಬ್ಯಾಂಕ್ ಸ್ಟೇಟ್‌ಮೆಂಟನ್ನು ಸಾಲು ಸಾಲಾಗಿ ತಾಳೆ ನೋಡುವುದು ನನ್ನ ದಿನನಿತ್ಯದ ಕೆಲಸ. ಗುರುತು ಸಿಗದ ಕಡಿತಗಳಲ್ಲಿ ನಾನು ಕಂಡಿರುವವು ಬಹುಪಾಲು ಕಳ್ಳತನವಲ್ಲ. ಯಾರೋ ಎಂದೋ ಒಪ್ಪಿಗೆ ಕೊಟ್ಟು ಮರೆತ ಚಂದಾಗಳು. ಅದಕ್ಕೇ ನಾನು ಮೊದಲು ಹೆಸರಿನ ಬೆನ್ನು ಹತ್ತುವುದಿಲ್ಲ. ಹಣ ಯಾವ ದಾರಿಯಲ್ಲಿ ಹೋಯಿತು ಎಂದು ನೋಡುತ್ತೇನೆ. ದಾರಿ ಗೊತ್ತಾದರೆ ಒಪ್ಪಿಗೆ ಎಲ್ಲಿ ಕುಳಿತಿದೆ ಎಂಬುದು ಗೊತ್ತಾಗುತ್ತದೆ, ಅದನ್ನು ಅಲ್ಲಿಯೇ ಕಿತ್ತುಹಾಕಬಹುದು.

ಮೊದಲ ಐದು ನಿಮಿಷ: ಕಳ್ಳತನದ ಲಕ್ಷಣ ಇದೆಯೇ?

ಇದೊಂದನ್ನು ಮಾತ್ರ ತಡ ಮಾಡದೆ ನೋಡಿ. ಒಂದೇ ದಿನ, ಕೆಲವೇ ನಿಮಿಷಗಳ ಅಂತರದಲ್ಲಿ ಹಲವು ಕಡಿತಗಳಾಗಿವೆಯೇ? ಮೊದಲು ಸಣ್ಣದೊಂದು ಮೊತ್ತ, ಅದರ ಹಿಂದೆಯೇ ದೊಡ್ಡ ಮೊತ್ತ ಹೋಗಿದೆಯೇ? ನೀವು ಕೇಳದೆಯೇ ಒಟಿಪಿಗಳು ಬರುತ್ತಿವೆಯೇ? ಹಿಂದಿನ ದಿನಗಳಲ್ಲಿ ಯಾರಿಗಾದರೂ ಒಟಿಪಿ ಹೇಳಿದ್ದೀರಾ, ಅಥವಾ ಯಾರೋ ಕಳುಹಿಸಿದ ಫೈಲನ್ನು ಮೊಬೈಲಿನಲ್ಲಿ ಇನ್‌ಸ್ಟಾಲ್ ಮಾಡಿದ್ದೀರಾ? ಇವುಗಳಲ್ಲಿ ಒಂದಕ್ಕೆ ಹೌದು ಎಂದಾದರೂ ಈ ಕೈಪಿಡಿಯನ್ನು ಪಕ್ಕಕ್ಕಿಡಿ. ಕಾರ್ಡ್ ಮತ್ತು ಯುಪಿಐ ಎರಡನ್ನೂ ನಿಲ್ಲಿಸಿ, ಬ್ಯಾಂಕಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದುಕೊಳ್ಳಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತಡ ಮಾಡಬಾರದು ಎನ್ನುವುದಕ್ಕೆ ಕಾರಣವಿದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ತಪ್ಪು ನಿಮ್ಮದೂ ಅಲ್ಲದೆ ಬ್ಯಾಂಕಿನದೂ ಅಲ್ಲದೆ ಮೂರನೆಯವರ ಕಡೆಯಿಂದ ಆಗಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಹೊಣೆ ಶೂನ್ಯ. ನಾಲ್ಕರಿಂದ ಏಳು ದಿನವಾದರೆ ಹೊಣೆಯ ಒಂದು ಪಾಲು ನಿಮ್ಮ ಮೇಲೆ ಬರುತ್ತದೆ. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ನೀತಿ ಹೇಳಿದಂತೆ.

ಇಂತಹ ಲಕ್ಷಣ ಯಾವುದೂ ಇಲ್ಲ, ಪ್ರತಿ ತಿಂಗಳೋ ವರ್ಷಕ್ಕೊಮ್ಮೆಯೋ ಒಂದೇ ಮೊತ್ತ ಒಂದೇ ತಾರೀಕಿನ ಆಸುಪಾಸಿನಲ್ಲಿ ಹೋಗುತ್ತಿದೆ ಎಂದಾದರೆ ಅದು ಚಂದಾ. ಇನ್ನು ಸಮಾಧಾನವಾಗಿ ಹುಡುಕಬಹುದು.

ಯಾವ ದಾರಿ?

ಸ್ಟೇಟ್‌ಮೆಂಟಿನ ವಿವರದ ಅಂಕಣವನ್ನು ಎಡಗಡೆಯಿಂದ ಓದಿ. ಸಾಲು 'ಯುಪಿಐ' ಎಂದು ಶುರುವಾಗಿ, ನಡುವೆ 12 ಅಂಕಿಯ ಸಂಖ್ಯೆಯೂ ಅಟ್ (@) ಚಿಹ್ನೆ ಇರುವ ವಿಳಾಸವೂ ಇದ್ದರೆ ಅದು ಯುಪಿಐ ದಾರಿ. ಕೆಲವು ಬ್ಯಾಂಕುಗಳು ಅದೇ ಸಾಲಿನಲ್ಲಿ 'ಮ್ಯಾಂಡೇಟ್' (ಮತ್ತೆ ಮತ್ತೆ ಹಣ ಕಡಿತ ಮಾಡಲು ಮೊದಲೇ ಕೊಟ್ಟ ಒಪ್ಪಿಗೆ) ಅಥವಾ 'ಆಟೋಪೇ' ಎಂಬ ಪದವನ್ನೂ ಅಚ್ಚು ಮಾಡುತ್ತವೆ. ಹಾಗಿದ್ದರೆ ಅರ್ಧ ಕೆಲಸ ಮುಗಿದಂತೆಯೇ. 'ನಾಚ್' ಅಥವಾ 'ಇಸಿಎಸ್' ಎಂದಿದ್ದರೆ ಅದು ಬ್ಯಾಂಕ್ ಖಾತೆಯಿಂದ ನೇರವಾಗಿ ಕಂತು ಕಡಿತ ಮಾಡುವ ವ್ಯವಸ್ಥೆ, ಸಾಮಾನ್ಯವಾಗಿ ಸಾಲದ ಕಂತು, ವಿಮೆ, ಮ್ಯೂಚುವಲ್ ಫಂಡು. ಸಾಫ್ಟ್‌ವೇರ್ ಚಂದಾ ಆ ದಾರಿಯಲ್ಲಿ ಬರುವುದು ಅಪರೂಪ. 'ಪಿಒಎಸ್', 'ಇಕಾಮ್' ಎಂದಿದ್ದರೆ, ಅಥವಾ ನಡುವೆ ಮರೆಮಾಡಿದ ಕಾರ್ಡ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಕಂಡರೆ ಕಾರ್ಡ್ ದಾರಿ. ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಇಷ್ಟು ನೋಡುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಆದರೆ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿದ್ದವರು ಅಲ್ಲಿಯೂ ಎರಡು ದಾರಿ ಇರಬಹುದೆಂಬುದನ್ನು ನೆನಪಿಡಬೇಕು.

ದೊಡ್ಡಪ್ಪನ ಪಾಸ್‌ಬುಕ್ಕಿನಲ್ಲಿ ನಾಲ್ಕೂ ಸಾಲು 'ಯುಪಿಐ' ಎಂದೇ ಶುರುವಾಗಿದ್ದವು. ಕೌಂಟರಿನಲ್ಲಿ ಕುಳಿತವರು ಆ ಮೂರು ಅಕ್ಷರ ಓದಿದ್ದರೆ ಸಾಕಿತ್ತು. ಎಪ್ಪತ್ತು ದಾಟಿದವರನ್ನು ಬಿಸಿಲಿನಲ್ಲಿ ಎರಡು ಸಲ ಓಡಾಡಿಸುವುದು ತಪ್ಪುತ್ತಿತ್ತು ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಹೆಸರು ಏಕೆ ಬೇರೆ ಇರುತ್ತದೆ?

ನಿಮ್ಮ ಮೊಬೈಲಿನಲ್ಲಿರುವುದು ಆ್ಯಪಿನ ಹೆಸರು. ಸ್ಟೇಟ್‌ಮೆಂಟಿನಲ್ಲಿ ಬರುವುದು ಹಣ ಪಡೆದವರ ಹೆಸರು. ಇವೆರಡೂ ಒಂದೇ ಆಗಿರಬೇಕೆಂದಿಲ್ಲ. ಆ್ಯಪ್ ತಯಾರಿಸಿದ ಕಂಪನಿಯ ನೋಂದಾಯಿತ ಹೆಸರು ಬೇರೆ ಇರುತ್ತದೆ. ನಡುವೆ ಹಣ ವಸೂಲಿ ಮಾಡಿಕೊಡುವ ಪೇಮೆಂಟ್ ಗೇಟ್‌ವೇ ಇರುತ್ತದೆ. ಇದರ ಮೇಲೆ ಜಾಗ ಸಾಲದೆ ಹೆಸರು ಅರ್ಧಕ್ಕೇ ತುಂಡಾಗುತ್ತದೆ. ಸಾಮಾನ್ಯವಾಗಿ ಇಪ್ಪತ್ತು ಇಪ್ಪತ್ತೆರಡು ಅಕ್ಷರಗಳಷ್ಟೇ ಹಿಡಿಸುತ್ತವೆ.

ಆದ್ದರಿಂದ ನಕ್ಷತ್ರ ಚಿಹ್ನೆಯನ್ನು ಹುಡುಕಿ. ಅದರ ಎಡಕ್ಕೆ ವಸೂಲಿ ಮಾಡಿದವರು, ಬಲಕ್ಕೆ ನಿಜವಾದ ಮಾರಾಟಗಾರರು ಅಥವಾ ಸೇವೆ. 'ಗೂಗಲ್*' ಆದ ಮೇಲೆ ಬರುವುದು ಆ್ಯಪಿನ ಅಥವಾ ಅದನ್ನು ತಯಾರಿಸಿದವರ ಹೆಸರು. ಎಂ, ಎಸ್, ಎಫ್, ಟಿ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಿದ್ದರೆ ಮೈಕ್ರೋಸಾಫ್ಟ್. ಆರ್, ಎ, ಝಡ್ ಎಂದಿದ್ದರೆ ರೇಜರ್‌ಪೇ, ಪಿ, ವೈ, ಯು ಎಂದಿದ್ದರೆ ಪೇಯು. ಇವು ಬರಿಯ ಗೇಟ್‌ವೇಗಳು, ಬಲಗಡೆಯ ಹೆಸರನ್ನೇ ನೋಡಬೇಕು. ಆ್ಯಪಲ್‌ನಲ್ಲಿ ನಕ್ಷತ್ರವಿಲ್ಲ, ಏನನ್ನೇ ಕೊಂಡರೂ 'ಆ್ಯಪಲ್.ಕಾಮ್/ಬಿಲ್' ಎಂದಷ್ಟೇ ಬರುತ್ತದೆ, ಮತ್ತು ಎರಡು ಮೂರು ಖರೀದಿಗಳನ್ನು ಒಟ್ಟುಗೂಡಿಸಿ ಒಂದೇ ಮೊತ್ತ ಕಡಿತವಾಗುವುದೂ ಉಂಟು. ಅಂತಹ ಮೊತ್ತಕ್ಕೆ ಹೊಂದುವ ಒಂದು ಚಂದಾ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಕಂಪ್ಯೂಟರಿಗೆ ಹಾಕಿಕೊಳ್ಳುವ ಸಣ್ಣ ಕಂಪನಿಗಳ ಸಾಫ್ಟ್‌ವೇರುಗಳದು ಇನ್ನೊಂದು ಬಗೆ. ವಿಡಿಯೋ ಕತ್ತರಿಸುವುದು, ಪಿಡಿಎಫ್ ಜೋಡಿಸುವುದು, ಅಳಿಸಿಹೋದ ಫೈಲು ಮರಳಿಸುವುದು ಇಂತಹವನ್ನು ತಯಾರಕರು ತಾವೇ ಮಾರದೆ ಪ್ಯಾಡಲ್, ಫಾಸ್ಟ್‌ಸ್ಪ್ರಿಂಗ್, 2ಚೆಕ್‌ಔಟ್ ಮುಂತಾದ ಮಾರಾಟ ಸಂಸ್ಥೆಗಳ ಮೂಲಕ ಮಾರುತ್ತಾರೆ. ಸ್ಟೇಟ್‌ಮೆಂಟಿನಲ್ಲಿ ಆ ಸಂಸ್ಥೆಯ ಹೆಸರೇ ಮೊದಲು ಬರುತ್ತದೆ. ಈ ಸಂಸ್ಥೆಗಳ ಜಾಲತಾಣಗಳಲ್ಲಿ ಗ್ರಾಹಕರು ತಮ್ಮ ಇಮೇಲ್ ವಿಳಾಸವನ್ನೋ ಕಾರ್ಡಿನ ಕೊನೆಯ ಅಂಕಿಗಳನ್ನೋ ಕೊಟ್ಟು ತಮ್ಮ ಖರೀದಿಯನ್ನು ಹುಡುಕಿಕೊಳ್ಳಲು ಒಂದು ಪುಟ ಇರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಸ್ಟೇಟ್‌ಮೆಂಟಿನ ಹೆಸರನ್ನು ಹಾಗೆಯೇ ಅಂತರ್ಜಾಲದಲ್ಲಿ ಹುಡುಕಿ, ಅಲ್ಲಿ ಸಿಕ್ಕ 'ಗ್ರಾಹಕ ಸೇವಾ' ಸಂಖ್ಯೆಗೆ ಕರೆ ಮಾಡಬೇಡಿ. ಗಾಬರಿಯಲ್ಲಿರುವವರು ಹೀಗೆ ಹುಡುಕುತ್ತಾರೆ ಎಂದು ಗೊತ್ತಿದ್ದೇ ವಂಚಕರು ನಕಲಿ ಸಂಖ್ಯೆಗಳನ್ನು ಅಲ್ಲಿ ತುಂಬಿರುತ್ತಾರೆ. 'ರೀಫಂಡ್ ಮಾಡಲು ಈ ಆ್ಯಪ್ ಹಾಕಿಕೊಳ್ಳಿ' ಎಂದು ಶುರು ಮಾಡಿ ಖಾತೆಯನ್ನೇ ಗುಡಿಸಿಬಿಡುತ್ತಾರೆ. 499 ಹುಡುಕಲು ಹೋಗಿ 49,000 ಕಳೆದುಕೊಳ್ಳುವುದು ಬೇಡ.

ಮೊತ್ತದ ಪೈಸೆಯನ್ನು ನೋಡಿ

ನನ್ನ ಕೆಲಸದಲ್ಲಿ ಹೆಸರಿಗಿಂತ ಹೆಚ್ಚು ನೆರವಾಗಿರುವುದು ಮೊತ್ತ. ಅದರಲ್ಲೂ ದಶಾಂಶದ ಆಚೆಯ ಎರಡು ಅಂಕಿ.

588.82, 1,178.82, 2,358.82. ಇಂತಹ ಮೊತ್ತ ಕಂಡರೆ ಅದನ್ನು 1.18ರಿಂದ ಭಾಗಿಸಿ. ಸರಿಯಾಗಿ 499, 999, 1,999 ಬರುತ್ತದೆ. ಸಾಫ್ಟ್‌ವೇರ್ ಸೇವೆಗೆ ಜಿಎಸ್‌ಟಿ ಶೇಕಡಾ 18. ಬೆಲೆ 99ರಲ್ಲಿ ಅಥವಾ 49ರಲ್ಲಿ ಕೊನೆಯಾಗಿ ತೆರಿಗೆ ಮೇಲಿಂದ ಸೇರಿದರೆ ಒಟ್ಟು ಮೊತ್ತ ಯಾವಾಗಲೂ 82 ಪೈಸೆಯಲ್ಲಿ ನಿಲ್ಲುತ್ತದೆ. ನೀವು ಇಮೇಲಿನಲ್ಲಿ 588 ಎಂದು ಹುಡುಕಿದರೆ ಏನೂ ಸಿಗದೆ ಇರಬಹುದು, ಏಕೆಂದರೆ ನೀವು ಒಪ್ಪಿದ್ದು 499ಕ್ಕೆ. 499 ಎಂದು ಹುಡುಕಿ.

ತಿಂಗಳಿಂದ ತಿಂಗಳಿಗೆ ಮೊತ್ತ ಐದು ಹತ್ತು ರೂಪಾಯಿ ಏರಿಳಿಯುತ್ತಿದ್ದರೆ ಮೂಲ ಬೆಲೆ ಡಾಲರಿನಲ್ಲೋ ಯೂರೋದಲ್ಲೋ ಇದೆ ಎಂದರ್ಥ. ಆ ದಿನದ ವಿನಿಮಯ ದರದಿಂದ ಭಾಗಿಸಿ ನೋಡಿ. 23.60ರ ಹತ್ತಿರ ಬಂದರೆ 20 ಡಾಲರಿನ ಚಂದಾಕ್ಕೆ ಶೇಕಡಾ 18 ತೆರಿಗೆ ಸೇರಿದೆ.

ಕಡಿತದ ಕೆಳಗೆ ಅಂಟಿಕೊಂಡು ಬರುವ ಚಿಲ್ಲರೆ ಸಾಲುಗಳು ಜನರನ್ನು ಬಹಳ ಹೆದರಿಸುತ್ತವೆ. ಕಳೆದ ವರ್ಷ ಒಂದು ಮುದ್ರಣಾಲಯದ ಯಜಮಾನರು ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ಹಿಡಿದು ಕಚೇರಿಗೆ ಬಂದರು. ಕೆಂಪು ಪೆನ್ನಿನಲ್ಲಿ ಮೂರು ಸಾಲಿಗೆ ಸುತ್ತು ಹಾಕಿದ್ದರು: 5,898.82, 58.99, 10.62. "ಮೂರು ಸಲ ಹೊಡೆದಿದ್ದಾರೆ ಸಾರ್" ಎಂದರು. ಹೊಡೆದದ್ದು ಒಂದೇ ಸಲ. 5,898.82ರ ಶೇಕಡಾ 1 ಎಂದರೆ 58.99, ವಿದೇಶದ ಮಾರಾಟಗಾರರು ರೂಪಾಯಿಯಲ್ಲೇ ಬಿಲ್ ಮಾಡಿದರೂ ಹಲವು ಬ್ಯಾಂಕುಗಳು ಹಾಕುವ ಶುಲ್ಕ ಅದು. ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ ಎಂದರೆ 10.62. ಮೊದಲ ಮೊತ್ತವನ್ನು 1.18ರಿಂದ ಭಾಗಿಸಿದರೆ 4,999. ಹೆಸರಿನ ಪಕ್ಕದಲ್ಲಿ ಡಬ್ಲಿನ್ ಎಂದಿತ್ತು. ಹಲವು ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಐರ್ಲೆಂಡಿನ ಆ ನಗರದಿಂದ ಬಿಲ್ ಮಾಡುತ್ತವೆ. ಐದು ನಿಮಿಷದಲ್ಲಿ ನಮ್ಮ ಕೈಯಲ್ಲಿದ್ದದ್ದು ಇಷ್ಟು: ವಿದೇಶಿ ಕಂಪನಿ, 4,999 ರೂಪಾಯಿ, ವರ್ಷಕ್ಕೊಮ್ಮೆ. ವರ್ಷಕ್ಕೊಮ್ಮೆ ಎಂದು ಗೊತ್ತಾದದ್ದು ಹಿಂದಿನ ವರ್ಷದ ಅದೇ ತಿಂಗಳ ಸ್ಟೇಟ್‌ಮೆಂಟ್ ತೆಗೆದಾಗ. ಅದೇ ಮೊತ್ತ ಅಲ್ಲಿಯೂ ಇತ್ತು. ವಾರ್ಷಿಕ ಚಂದಾ ಮರೆತುಹೋಗುವುದು ಸಹಜ, ಹನ್ನೆರಡು ತಿಂಗಳು ಅದರ ಸದ್ದೇ ಇರುವುದಿಲ್ಲ.

ಡಾಲರಿನಲ್ಲೇ ಬಿಲ್ ಆದಾಗ ಈ ಚಿಲ್ಲರೆ ಸಾಲು ಇನ್ನೂ ದೊಡ್ಡದು, ಸಾಮಾನ್ಯವಾಗಿ ಶೇಕಡಾ 2ರಿಂದ 3.5. ಒಂದು ಅಥವಾ ಎರಡು ರೂಪಾಯಿ ಹೋಗಿ ಮರಳಿ ಬಂದಿದ್ದರೆ ಅದು ಕಾರ್ಡ್ ಅಥವಾ ಯುಪಿಐ ಕೆಲಸ ಮಾಡುತ್ತದೆಯೇ ಎಂಬ ಪರೀಕ್ಷೆ. ಹೋಗಿ ಮರಳಿ ಬಾರದಿದ್ದರೆ ಆ ತಾರೀಕನ್ನು ಗುರುತು ಮಾಡಿಕೊಳ್ಳಿ. ಅಲ್ಲಿಂದ ಏಳು, ಹದಿನಾಲ್ಕು ಅಥವಾ ಮೂವತ್ತು ದಿನಕ್ಕೆ ದೊಡ್ಡ ಕಡಿತ ಶುರುವಾಗಿದೆಯೇ ಎಂದು ಎಣಿಸಿ. ದೊಡ್ಡಪ್ಪನ ಖಾತೆಯಲ್ಲಿ ಏಪ್ರಿಲ್ 14ರಂದು 1 ರೂಪಾಯಿ, ಏಪ್ರಿಲ್ 21ರಂದು 499. ಏಳು ದಿನದ ಪ್ರಾಯೋಗಿಕ ಅವಧಿ ಎಂಬುದು ಆ ಎರಡು ತಾರೀಕುಗಳಿಂದಲೇ ಸ್ಪಷ್ಟವಾಯಿತು.

ಯಾರ ಮೊಬೈಲು, ಯಾವ ಇಮೇಲು?

ಏಪ್ರಿಲ್ 14 ಎಂದ ಕೂಡಲೇ ದೊಡ್ಡಮ್ಮನಿಗೆ ನೆನಪಾಯಿತು: ಬೇಸಿಗೆ ರಜೆಗೆ ಮೊಮ್ಮಗಳು ಬಂದಿದ್ದಳು. ಹಳೆಯ ಕಪ್ಪು ಬಿಳುಪು ಮದುವೆ ಫೋಟೋಗೆ ಬಣ್ಣ ಹಾಕಿ ಕೊಡುತ್ತೇನೆ ಎಂದು ತಾತನ ಮೊಬೈಲಿನಲ್ಲೇ ಆ್ಯಪ್ ಹಾಕಿದ್ದಳು. "ಒಂದು ರೂಪಾಯಿ ಅಷ್ಟೇ ತಾತ, ಪಿನ್ ಒತ್ತು" ಎಂದಿದ್ದಳು. ದೊಡ್ಡಪ್ಪ ಪಿನ್ ಒತ್ತಿದ್ದರು. ಫೋಟೋ ಚೆನ್ನಾಗಿ ಬಂದಿತು, ಹುಡುಗಿ ಆ್ಯಪನ್ನು ಅಳಿಸಿಯೂ ಹೋಗಿದ್ದಳು. ಆ್ಯಪ್ ಅಳಿಸಿದರೆ ಚಂದಾ ರದ್ದಾಗುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ. ನೂರರಲ್ಲಿ ಎಷ್ಟು ಜನರಿಗೆ ಗೊತ್ತಿದೆ?

ಆದ್ದರಿಂದ ಮನೆಯ ಎಲ್ಲ ಮೊಬೈಲುಗಳನ್ನೂ, ಪ್ರತಿ ಮೊಬೈಲಿನ ಎಲ್ಲ ಗೂಗಲ್ ಖಾತೆಗಳನ್ನೂ ನೋಡಿ. ಪ್ಲೇ ಸ್ಟೋರಿನಲ್ಲಿ ಬಲ ಮೇಲ್ತುದಿಯ ಚಿತ್ರ ಒತ್ತಿ, ಪಾವತಿ ಮತ್ತು ಚಂದಾದಾರಿಕೆ ಎಂಬಲ್ಲಿಗೆ ಹೋದರೆ ಚಾಲ್ತಿಯಲ್ಲಿರುವುದೂ ಮುಗಿದಿರುವುದೂ ಕಾಣುತ್ತವೆ. ಅಲ್ಲಿ ಖಾತೆ ಬದಲಿಸಿ ಮತ್ತೊಮ್ಮೆ ನೋಡುವುದನ್ನು ಬಹಳ ಮಂದಿ ಮರೆಯುತ್ತಾರೆ. ಐಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು ಮೇಲಿರುವ ನಿಮ್ಮ ಹೆಸರನ್ನು ಒತ್ತಿದರೆ ಚಂದಾಗಳ ಪಟ್ಟಿ ಸಿಗುತ್ತದೆ. ಕುಟುಂಬ ಹಂಚಿಕೆ ಮಾಡಿಕೊಂಡಿದ್ದರೆ ಮಕ್ಕಳ ಖರೀದಿ ಮನೆಯ ಹಿರಿಯರ ಖಾತೆಗೆ ಬೀಳಬಹುದು. ಇಮೇಲಿನಲ್ಲಿ ಗೂಗಲ್ ರಸೀದಿ ಹುಡುಕಲು ಜಿ, ಪಿ, ಎ ಎಂಬ ಮೂರು ಇಂಗ್ಲಿಷ್ ಅಕ್ಷರ ಸಾಕು, ಪ್ಲೇ ಸ್ಟೋರಿನ ಆರ್ಡರ್ ಸಂಖ್ಯೆಗಳು ಹಾಗೆಯೇ ಶುರುವಾಗುತ್ತವೆ. ಸ್ಪ್ಯಾಮ್ ಮತ್ತು ಪ್ರಮೋಷನ್ ಕಪಾಟುಗಳನ್ನೂ ತೆರೆಯಿರಿ.

ಮುದ್ರಣಾಲಯದ ಯಜಮಾನರ ಇಮೇಲಿನಲ್ಲಿ ಮಾತ್ರ ಏನೂ ಸಿಗಲಿಲ್ಲ. ಕೊನೆಗೆ ಗೊತ್ತಾದದ್ದು ಇದು: ಎರಡು ವರ್ಷದ ಹಿಂದೆ ಕೆಲಸ ಬಿಟ್ಟ ವಿನ್ಯಾಸಗಾರ ತನ್ನ ಸ್ವಂತ ಇಮೇಲಿನಲ್ಲಿ ಖಾತೆ ತೆರೆದು, ಯಜಮಾನರ ಕಾರ್ಡನ್ನು ಅವರ ಎದುರಿನಲ್ಲೇ ಜೋಡಿಸಿದ್ದ. ಬಿಲ್ಲುಗಳೆಲ್ಲ ಅವನಿಗೆ ಹೋಗುತ್ತಿದ್ದವು. ಫೋನ್ ಮಾಡಿದರೆ ಅವನು ಅಂದೇ ಒಳಗೆ ಹೋಗಿ ರದ್ದು ಮಾಡಿಕೊಟ್ಟ. ಕಚೇರಿ, ಅಂಗಡಿ ನಡೆಸುವವರಿಗೆ ನನ್ನ ವಿನಂತಿ: ನೌಕರರ ಸ್ವಂತ ಇಮೇಲಿಗೆ ನಿಮ್ಮ ಕಾರ್ಡ್ ಜೋಡಿಸಬೇಡಿ.

ಇನ್ನೂ ಒಂದು ಸಾಕ್ಷಿ ನಿಮ್ಮ ಎಸ್‌ಎಂಎಸ್ ಪೆಟ್ಟಿಗೆಯಲ್ಲೇ ಇರಬಹುದು. ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ 2021ರ ಅಕ್ಟೋಬರ್ 1ರಿಂದ ಪೂರ್ಣವಾಗಿ ಜಾರಿಯಲ್ಲಿದೆ. ಅದರಂತೆ ಪ್ರತಿ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಬ್ಯಾಂಕ್ ತಿಳಿಸಬೇಕು. ಆ ಸಂದೇಶದಲ್ಲಿ ಮಾರಾಟಗಾರರ ಹೆಸರು, ಮೊತ್ತ, ತಾರೀಕು ಇರಬೇಕು, ಆ ಕಂತನ್ನು ಬೇಡವೆನ್ನುವ ಅವಕಾಶವೂ ಇರಬೇಕು. 2022ರ ಜೂನ್‌ನಿಂದ 15,000 ರೂಪಾಯಿವರೆಗಿನ ಕಂತಿಗೆ ಪ್ರತಿ ಸಲ ಒಟಿಪಿ ಬೇಕಿಲ್ಲ, ಹಾಗಾಗಿ ಈ ಮುನ್ಸೂಚನೆಯೊಂದೇ ನಮಗಿರುವ ಬೇಲಿ. ಜಾಹೀರಾತು ಸಂದೇಶಗಳ ರಾಶಿಯಲ್ಲಿ ಅದು ಮುಚ್ಚಿಹೋಗಿರುತ್ತದೆ. ಕಡಿತದ ಹಿಂದಿನ ಎರಡು ಮೂರು ದಿನಗಳ ಸಂದೇಶಗಳನ್ನು ಒಂದೊಂದಾಗಿ ತೆರೆದು ನೋಡಿ.

ನಿಲ್ಲಿಸುವುದು

ಎರಡು ಕಡೆ ನಿಲ್ಲಿಸಬೇಕು. ಮೊದಲು ಚಂದಾ ಇರುವಲ್ಲಿ, ಅಂದರೆ ಪ್ಲೇ ಸ್ಟೋರ್, ಆ್ಯಪಲ್ ಅಥವಾ ಆ ಕಂಪನಿಯ ಜಾಲತಾಣದಲ್ಲಿ. ಆಮೇಲೆ ಹಣ ಹೋಗುವಲ್ಲಿ. ಬರಿಯ ಮ್ಯಾಂಡೇಟ್ ಕಿತ್ತರೆ ಕಂಪನಿ ಬಾಕಿ ಎಂದು ನೆನಪೋಲೆ ಕಳುಹಿಸುತ್ತಿರಬಹುದು; ಬರಿಯ ಚಂದಾ ರದ್ದು ಮಾಡಿ ಮ್ಯಾಂಡೇಟ್ ಬಿಟ್ಟರೆ ಆ ಒಪ್ಪಿಗೆ ಜೀವಂತವಾಗಿಯೇ ಉಳಿದಿರುತ್ತದೆ.

ಯುಪಿಐ ದಾರಿಯಾದರೆ ಒಪ್ಪಿಗೆ ಕೊಟ್ಟ ಯುಪಿಐ ಆ್ಯಪಿನಲ್ಲೇ, ನಿಮ್ಮ ಹೆಸರಿನ ಪುಟದಲ್ಲಿ ಆಟೋಪೇ ಅಥವಾ ಮ್ಯಾಂಡೇಟ್ ಎಂಬ ಭಾಗವಿರುತ್ತದೆ. ಎರಡು ಮೂರು ಆ್ಯಪ್ ಇಟ್ಟುಕೊಂಡವರು ಎಲ್ಲದರಲ್ಲೂ ನೋಡಬೇಕು. ದೊಡ್ಡಪ್ಪನ ಮೊಬೈಲಿನಲ್ಲಿ ಅದನ್ನು ತೆರೆದಾಗ ನಾನೇ ಬೆಚ್ಚಿದೆ. ಗರಿಷ್ಠ ಮೊತ್ತ: 5,000. ಕೊನೆಯ ತಾರೀಕು: ಮೂವತ್ತು ವರ್ಷದ ಆಚೆ. ಒಂದು ರೂಪಾಯಿ ಎಂದು ನಂಬಿ ಒತ್ತಿದ ಪಿನ್ ಇಷ್ಟಕ್ಕೆಲ್ಲ ಒಪ್ಪಿಗೆಯಾಗಿತ್ತು. ಪಿನ್ ಒತ್ತುವ ಪರದೆಯಲ್ಲಿ ಈ ಎರಡೂ ಸಣ್ಣಕ್ಷರದಲ್ಲಿ ಇರುತ್ತವೆ. ದಯವಿಟ್ಟು ಕನ್ನಡಕ ಹಾಕಿಕೊಂಡು ಓದಿ.

ಕಾರ್ಡ್ ದಾರಿಯಾದರೆ ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡ್ ವಿಭಾಗದೊಳಗೆ ಇ-ಮ್ಯಾಂಡೇಟ್ ಅಥವಾ ಸ್ಥಾಯಿ ಸೂಚನೆ ಎಂಬ ಹೆಸರಿನಲ್ಲಿ ಪಟ್ಟಿ ಇರುತ್ತದೆ. ಹಲವು ಬ್ಯಾಂಕುಗಳು ಇದನ್ನು ಎಸ್‌ಐ ಹಬ್ ಎಂಬ ಪ್ರತ್ಯೇಕ ತಾಣದಲ್ಲಿ ತೋರಿಸುತ್ತವೆ. ವಿದೇಶಿ ವ್ಯವಹಾರದ ಸ್ವಿಚ್ಚನ್ನು ಬಳಸದಿದ್ದಾಗ ಮುಚ್ಚಿಡಿ. ಕಾರ್ಡ್ ಬದಲಿಸಿದರೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಮಾರಾಟಗಾರರ ಬಳಿ ಇರುವುದು ಕಾರ್ಡ್ ಸಂಖ್ಯೆಯಲ್ಲ, ಅದರ ಬದಲಿಗೆ ಕೊಟ್ಟ ಟೋಕನ್ ಎಂಬ ಗುರುತು ಸಂಖ್ಯೆ, ಮತ್ತು ಕಾರ್ಡ್ ನವೀಕರಣವಾದಾಗ ಅದು ಹೊಸ ಕಾರ್ಡಿಗೆ ಸೇರಿಕೊಳ್ಳುವುದೂ ಉಂಟು.

ಹಣ ಮರಳಿ ಕೇಳುವುದು

ಮೊದಲು ಮಾರಾಟಗಾರರನ್ನೇ ಕೇಳಿ. ಪ್ಲೇ ಸ್ಟೋರಿನ ಖರೀದಿಗೆ 48 ಗಂಟೆಯೊಳಗೆ ಗೂಗಲ್‌ಗೇ ಮನವಿ ಮಾಡಿದರೆ ಹಣ ಮರಳುವ ಸಾಧ್ಯತೆ ಹೆಚ್ಚು. ಆಮೇಲೆ ಆ್ಯಪ್ ತಯಾರಕರನ್ನು ಕೇಳಬೇಕಾಗುತ್ತದೆ. ನಿಮ್ಮ ಒಪ್ಪಿಗೆಯೇ ಇಲ್ಲದ ಕಡಿತವಾದರೆ ಗೂಗಲ್‌ಗೆ ತಿಳಿಸಲು 120 ದಿನಗಳ ಅವಕಾಶವಿದೆ. ಬ್ಯಾಂಕಿನ ವಿವಾದ ಅರ್ಜಿ ಕೊನೆಯ ಮೆಟ್ಟಿಲು. ಮನೆಯವರೇ ಮಾಡಿದ ಖರೀದಿಯನ್ನು ಕಳ್ಳತನ ಎಂದು ಬರೆದುಕೊಡಬೇಡಿ. ಅದು ಸುಳ್ಳು ಹೇಳಿಕೆಯಾಗುತ್ತದೆ, ಜೊತೆಗೆ ಆ ಇಮೇಲ್ ಖಾತೆಯ ಪಾವತಿ ಸೌಲಭ್ಯವೇ ಬಂದ್ ಆಗಬಹುದು.

ಆದರೆ ಒಂದು ರೂಪಾಯಿ ತೋರಿಸಿ ತಿಂಗಳ ಚಂದಾವನ್ನು ಮರೆಮಾಚಿದ್ದರೆ ತಲೆ ತಗ್ಗಿಸಿ ಸುಮ್ಮನಿರಬೇಕಾಗಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಲಾಗಿದೆ. ಚಂದಾ ಬಲೆ ಅವುಗಳಲ್ಲಿ ಒಂದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನವಾದರೂ ಉತ್ತರವಿಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಲೋಕಪಾಲರು (ಒಂಬುಡ್ಸ್‌ಮನ್) ಇದ್ದಾರೆ.

ದೊಡ್ಡಪ್ಪನ ಪರವಾಗಿ ನಾನು ಬರೆದ ಮನವಿಗೆ ಜುಲೈ ತಿಂಗಳ 499 ಮಾತ್ರ ಮರಳಿತು; ಹಿಂದಿನ ಮೂರು ತಿಂಗಳದು ಬರಲಿಲ್ಲ, ಅದಕ್ಕೆ 1915ರಲ್ಲಿ ದೂರು ದಾಖಲಿಸಿದ್ದೇವೆ. ಆಗಸ್ಟ್ 22ರ ಬೆಳಿಗ್ಗೆ ಅವರು ಬ್ಯಾಂಕು ತೆರೆಯುವ ಹೊತ್ತಿಗೇ ಹೋಗಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ, ಆ ಪುಟದ ಫೋಟೋ ತೆಗೆದು ನನಗೆ ಕಳುಹಿಸಿದರು. 21ನೇ ತಾರೀಕಿನ ಎದುರು ಯಾವ ಸಾಲೂ ಇರಲಿಲ್ಲ.